ಗುಂತಕಲ್ಲಿನವರೆಗೆ ಹೋದ ಕೋಟು

ಅಧ್ಯಕ್ಷತೆ ವಹಿಸಿರುವ ಪೂಜ್ಯ ಸಭಾಪಾಲಕರೇ, ಸಿರುಗುಪ್ಪದಿಂದ ಬಸ್ಸಿನಲ್ಲಿ ನಿಂತುಕೊಂಡೇ ಬಂದ ಮುಖ್ಯ ಅತಿಥಿಗಳಾದ ಚನ್ನಬಸವರಾಜ ಅವರೇ, ಮಹಿಳಾ ಕೂಟದ ತಾಯಂದಿರೇ, ಫ್ಯಾನಿನ ಕೆಳಗಿನ ಬೆಂಚುಗಳನ್ನೇ ಹುಡುಕಿ ಕುಳಿತಿರುವ ಜಾಣ ಸಭಿಕರೇ,

ಎಲ್ಲರೂ ನನ್ನ ಕೋಟನ್ನೇ ನೋಡುತ್ತಿದ್ದೀರಿ. ಏಪ್ರಿಲ್ ತಿಂಗಳು, ಬಳ್ಳಾರಿ ಊರು, ಉಣ್ಣೆಯ ಕೋಟು. ಚಂದ್ರಣ್ಣ ಮೇಷ್ಟ್ರಿಗೆ ತಲೆ ಕೆಟ್ಟಿದೆಯೇ ಎಂದು ಮುಂದಿನ ಸಾಲಿನಲ್ಲಿ ಯಾರೋ ಕೇಳಿದ್ದೂ ಕಿವಿಗೆ ಬಿತ್ತು. ಕೋಟಿನ ವಿಷಯಕ್ಕೆ ಆಮೇಲೆ ಬರುತ್ತೇನೆ. ಬೆವರು ನನ್ನದು, ನಿಮಗೇಕೆ ಚಿಂತೆ?

ಇಂದು ನಾವು ಸೇರಿರುವುದು ನನ್ನ ಮಗಳು ಅನುಷಾಳನ್ನು ಬೀಳ್ಕೊಡುವುದಕ್ಕೆ. ಶಿಶುವಿಹಾರದಲ್ಲಿ ಮಕ್ಕಳಿಗೆ ಅಕ್ಷರ ಕಲಿಸುತ್ತಿದ್ದ ಈ ಹುಡುಗಿ, ಆಫ್ರಿಕಾದ ಮಲಾವಿ ದೇಶದಲ್ಲಿ ತಂದೆ ತಾಯಿ ಇಲ್ಲದ ಬಡ ಮಕ್ಕಳ ಆಶ್ರಮವೊಂದಕ್ಕೆ ಎರಡು ವರ್ಷದ ಮಿಷನ್ ಸೇವೆಗೆ ಹೊರಟಿದ್ದಾಳೆ. ನಾಳೆ ಬೆಳಿಗ್ಗೆ ಗುಂತಕಲ್ಲು, ಅಲ್ಲಿಂದ ಮುಂಬೈ, ಅಲ್ಲಿಂದ ವಿಮಾನ. ಎಲ್ಲವೂ ಸಿದ್ಧವಾಗಿದೆ, ಪಾಸ್‌ಪೋರ್ಟ್ ಒಂದನ್ನು ಬಿಟ್ಟು. ಅದು ಗುರುವಾರದಿಂದ ಕಾಣೆಯಾಗಿದೆ. ನಮ್ಮ ಮನೆಯವರು ಅಕ್ಕಿ ಡಬ್ಬಿ ಸುರಿದು ಹುಡುಕಿದರು, ಹಾಸಿಗೆ ಬಿಚ್ಚಿ ಹತ್ತಿ ಕೆದರಿದರು. ಅದು ಸಿಗಲೆಂದು ಸಭಾಪಾಲಕರು ಈಗಷ್ಟೇ ಹತ್ತು ನಿಮಿಷ ಕಣ್ಣುಮುಚ್ಚಿ ಪ್ರಾರ್ಥಿಸಿದರು. ನನ್ನ ಜೀವನದಲ್ಲಿ ಅಷ್ಟು ಉದ್ದದ ಪ್ರಾರ್ಥನೆಯನ್ನು ನಾನು ಕೇಳಿಲ್ಲ.

ಇವಳನ್ನು ಸಿದ್ಧಪಡಿಸುವ ಸಮಿತಿಗೆ ನನ್ನನ್ನೇ ಅಧ್ಯಕ್ಷನನ್ನಾಗಿ ಮಾಡಿದಿರಿ. ಏಕೆ? ಮೂವತ್ತೊಂದು ವರ್ಷದ ಹಿಂದೆ ಇದೇ ಸಭೆಯಿಂದ ಇಂಥದೇ ಸೇವೆಗೆ ಆಯ್ಕೆಯಾದವನು ನಾನು. ವೀಸಾ ತೊಂದರೆಯಿಂದ ಹೋಗಲಾಗಲಿಲ್ಲ, ಅದು ಬೇರೆ ಮಾತು. ಅನುಭವಸ್ಥ ಎಂದು ನೀವು ತಿಳಿದಿರಿ. ನಾನೂ ಹಾಗೇ ತಿಳಿದುಕೊಂಡೆ.

ಮೂರು ತಿಂಗಳ ತರಬೇತಿ ಸಾಕು ಎಂದು ಪತ್ರ ಬಂದಿತ್ತು. ನಾನು ಹದಿನಾಲ್ಕು ತಿಂಗಳು ಮಾಡಿದೆ. ಅಲ್ಲಿ ದೊಡ್ಡ ಸರೋವರವಿದೆ, ಈಜು ಕಲಿಯಲಿ ಎಂದೆ. ಕಲಿತಳು. ಆಶ್ರಮದಲ್ಲಿ ಅಡುಗೆಯವರು ಓಡಿಹೋದರೆ ಎಂದೆ. ಇನ್ನೂರು ಜನಕ್ಕೆ ಉಪ್ಪಿಟ್ಟು ಮಾಡಿ ಈ ಸಭೆಗೇ ಬಡಿಸಿದಳು, ನೀವು ಎರಡೆರಡು ಸಲ ಹಾಕಿಸಿಕೊಂಡಿರಿ. ಆಫ್ರಿಕಾದ ಬಿಸಿಲು ತಡೆಯಬೇಕಲ್ಲ ಎಂದು ಮೇ ತಿಂಗಳ ಮಟಮಟ ಮಧ್ಯಾಹ್ನ ಅವಳನ್ನು ಕೋಟೆ ಗುಡ್ಡ ಹತ್ತಿಸಿದೆ. ಅವಳು ಹತ್ತಿ ಇಳಿದಳು, ನನ್ನನ್ನು ಇಬ್ಬರು ಹೊತ್ತುಕೊಂಡು ಬಂದರು. ಮರುವಾರ ಆಶ್ರಮದಿಂದ ಪತ್ರ ಬಂತು: ನಮ್ಮದು ಎತ್ತರದ ಪ್ರದೇಶ, ಜೂನ್ ಜುಲೈನಲ್ಲಿ ಬಹಳ ಚಳಿ, ದಪ್ಪ ಬಟ್ಟೆ ತನ್ನಿರಿ. ಬಳ್ಳಾರಿಯಲ್ಲಿ ಬೇಸಿಗೆಯಲ್ಲಿ ಸ್ವೆಟರ್ ಕೇಳಿದರೆ ಅಂಗಡಿಯವರು ಹಣೆ ಮುಟ್ಟಿ ಜ್ವರ ನೋಡುತ್ತಾರೆ, ಬಂಧುಗಳೇ.

ಕೊನೆಗೆ ನಾನು ಒಂದು ಮಾತು ಹಿಡಿದೆ. ಬಡ ಮಕ್ಕಳ ಸೇವೆಗೆ ಹೋಗುವವಳು ಮೊದಲು ಇಲ್ಲಿನ ಬಡ ಮಕ್ಕಳ ಮೇಲೆ ಅಭ್ಯಾಸ ಮಾಡಬೇಡವೇ? ಸಮಿತಿ ಚಪ್ಪಾಳೆ ತಟ್ಟಿತು. ನಿಮ್ಮ ಮನೆಗಳ ಹಳೆಯ ಬಟ್ಟೆಗಳನ್ನು ಆರು ಗಂಟು ಕಟ್ಟಿ, ಟೆಂಪೋ ಹತ್ತಿ, ಕುರುಗೋಡಿಗೆ ಹೋದೆವು. ಶಾಲೆಯ ಮುಂದೆ ಪಕ್ಕೀರಪ್ಪ ಎಂಬ ಹಿರಿಯರು ಕುಳಿತಿದ್ದರು. ಬಡ ಮಕ್ಕಳು ಎಲ್ಲಿದ್ದಾರೆ ಎಂದು ಕೇಳಿದೆ. ಅವರು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿ, "ನಮ್ಮೂರಾಗ ಅಂಥೋರು ಯಾರೂ ಇಲ್ಲ್ರಿ. ಬೇಕಂದ್ರ ಸಿರುಗುಪ್ಪಕ್ಕ ಹೋಗ್ರಿ, ಅಲ್ಲಿ ಇರಬೌದು" ಎಂದರು. ಸಿರುಗುಪ್ಪಕ್ಕೆ ಹೋದರೆ ಅಲ್ಲಿಯವರು, "ನಮ್ಮಲ್ಲಿ ಭತ್ತ ಬೆಳಿತೈತ್ರಿ, ಬಡವರು ಎಲ್ಲಿಂದ ಬರಬೇಕು? ಕುರುಗೋಡಾಗ ಕೇಳ್ರಿ" ಎಂದರು. ಮುಖ್ಯ ಅತಿಥಿಗಳು ನಗುತ್ತಿದ್ದಾರೆ. ಹೀಗೆ ಹೇಳಿದವರು ಅವರೇ.

ಮತ್ತೆ ಕುರುಗೋಡಿಗೆ ಬಂದು, ಒಂದು ಓಣಿಯಲ್ಲಿ ಗಂಟು ಬಿಚ್ಚಿ ಕುಳಿತೆವು. ಐದು ನಿಮಿಷದಲ್ಲಿ ಓಣಿಯ ಹೆಂಗಸರೆಲ್ಲ ಹೊರಬಂದರು. ನಾನು ಮನಸ್ಸಿನಲ್ಲೇ ದೇವರಿಗೆ ಸ್ತೋತ್ರ ಹೇಳಿದೆ. ಆದರೆ ಪ್ರತಿಯೊಬ್ಬರ ಕೈಯಲ್ಲೂ ಒಂದೊಂದು ಹಳೆಯ ಸೀರೆ. ನಮ್ಮನ್ನು ಅವರು ಹಳೇ ಬಟ್ಟೆಗೆ ಸ್ಟೀಲ್ ಪಾತ್ರೆ ಕೊಡುವವರು ಎಂದುಕೊಂಡಿದ್ದರು. ಹೊನ್ನೂರಮ್ಮ ಎಂಬ ಅಜ್ಜಿ ನನ್ನ ಮುಂದೆ ಸೀರೆ ಹರಡಿ, "ಇದು ಜರಿ ಸೀರಿ ಐತ್ರಿ. ದೊಡ್ಡ ಡಬರಿ ಕೊಡ್ರಿ, ಲೋಟ ಕೊಟ್ಟು ಕೈ ತೊಳಕಬ್ಯಾಡ್ರಿ" ಎಂದರು. ನಾವು ಪಾತ್ರೆಯವರಲ್ಲ, ಸೇವೆಗೆ ಬಂದವರು ಎಂದೆ. "ಅದೇ ಸೇವಾ ಮಾಡ್ರಿ, ಡಬರಿ ಕೊಡ್ರಿ" ಎಂದರು. ಮರ್ಯಾದೆ ಉಳಿಸಿಕೊಳ್ಳಲು ನಮ್ಮದೇ ಊಟದ ಡಬ್ಬಿಗಳನ್ನು ಕೊಟ್ಟೆವು. ಆರು ಗಂಟು ಒಯ್ದು ಒಂಬತ್ತು ಗಂಟು ವಾಪಸ್ ತಂದ ಮಿಷನ್ ತಂಡ ನಮ್ಮದೊಂದೇ ಇರಬೇಕು.

ಈ ಗದ್ದಲದಲ್ಲಿ ಅನುಷಾ ಎಲ್ಲಿ ಎಂದು ನೋಡಿದರೆ, ಓಣಿಯ ತುದಿಯಲ್ಲಿ ಹತ್ತು ಹನ್ನೆರಡು ಮಕ್ಕಳ ನಡುವೆ ನೆಲದ ಮೇಲೆ ಕುಳಿತು ಅವರಿಂದ ಗಜ್ಜುಗದ ಆಟ ಕಲಿಯುತ್ತಿದ್ದಳು. ಸೋಲುತ್ತಿದ್ದಳು. ಮಕ್ಕಳು ಬಿದ್ದು ಬಿದ್ದು ನಗುತ್ತಿದ್ದವು. ಯಾರು ಬಡವರು ಎಂದು ಅವಳು ಕೇಳಿಯೇ ಇರಲಿಲ್ಲ. ನನ್ನ ಹದಿನಾಲ್ಕು ತಿಂಗಳ ತರಬೇತಿಯಲ್ಲಿ ಇದನ್ನು ನಾನು ಕಲಿಸಿರಲಿಲ್ಲ, ಏಕೆಂದರೆ ನನಗೇ ಬರುವುದಿಲ್ಲ.

ಇವಳು ಊರು ಬಿಟ್ಟು ಹೊರಟವಳೆಂದು ಯಾರೋ ಹೇಳಿರಬೇಕು, ಹೊನ್ನೂರಮ್ಮ ಅವಳನ್ನು ಕರೆದು ಕೇಳಿದರು: "ಎಲ್ಲಿಗೆ ಹೊಂಟೀಯವ್ವ?"

"ದೂರದ ದೇಶಕ್ಕ, ಅಜ್ಜಿ. ಅಲ್ಲಿ ಹುಡುಗ್ರು ಅದಾರ."

"ಅಲ್ಲಿ ನಿನ್ನೋರು ಯಾರದಾರ?"

"ಯಾರೂ ಇಲ್ಲಜ್ಜಿ."

ಅಜ್ಜಿ ಒಳಗೆ ಹೋಗಿ ಅಕ್ಕಿ, ಕೊಬ್ಬರಿ ಬಟ್ಟಲು, ರವಿಕೆಗೆಂದು ಕುಬಸದ ಕಣ ತಂದರು. ಮಣೆ ಹಾಕಿ ಕೂರಿಸಿದರು. ಗಂಡನ ಮನೆಗೆ ಹೊರಟ ಮಗಳಿಗೆ ತುಂಬುವಂತೆ ಉಡಿ ತುಂಬಿದರು. ಇದು ನಮ್ಮ ಪದ್ಧತಿಯಲ್ಲವಲ್ಲ ಎಂದು ಸಮಿತಿಯವರೊಬ್ಬರು ಗೊಣಗಿದರು. ಅನುಷಾ ಆಗಲೇ ದುಪಟ್ಟಾ ಒಡ್ಡಿಯಾಗಿತ್ತು. ಅಜ್ಜಿ ನನ್ನ ಕಡೆ ಕೈ ತೋರಿಸಿ ಅವಳಿಗೆ, "ಮನಿ ಮಗಳು ಬರಿ ಉಡಿಲೆ ಹೋಗಬಾರದು. ನಿಮ್ಮಪ್ಪ ತುಂಬಿ ಕಳಸಬೇಕಿತ್ತು. ಆತ ನೋಡಿದ್ರ ಗಂಟು ಕಾಯ್ಕೆಂತ ನಿಂತಾನ" ಎಂದರು. ಆ ಮಾತು ಅಂದಿನಿಂದ ನನ್ನನ್ನು ನಿದ್ದೆ ಮಾಡಲು ಬಿಟ್ಟಿಲ್ಲ.

ಈಗ ಕೋಟಿನ ವಿಷಯ. ಇದು ನಾನು ಹೊರಟಾಗ ನೀವು ಹೊಲಿಸಿಕೊಟ್ಟದ್ದು. ಆಗ ನನಗೆ ಇಪ್ಪತ್ತಾರು. ಹೊಟ್ಟೆನೋವು ಬಂದು ಹಿಂದಿರುಗಿದೆ ಎಂದು ನಿಮಗೆ ಗೊತ್ತು. ಅಲ್ಲ, ತಾಯಿಗೆ ಹುಷಾರಿರಲಿಲ್ಲ ಎಂದು. ಇರಲಿ, ಆಗಲೇ ವೀಸಾ ಎಂದೆನಲ್ಲ. ಯಾವುದಾದರೂ ಒಂದಕ್ಕೆ ಅಂಟಿಕೊಳ್ಳಬೇಕಿತ್ತು.

ನಿಜ ಹೇಳುತ್ತೇನೆ. ಗುಂತಕಲ್ಲಿನ ಪ್ಲಾಟ್‌ಫಾರ್ಮಿನಲ್ಲಿ ಇದೇ ಕೋಟು ಹಾಕಿಕೊಂಡು ಕುಳಿತಿದ್ದೆ. ಮುಂಬೈ ರೈಲು ಬಂತು. ಇನ್ನೊಂದು ಚಹಾ ಕುಡಿದು ಹತ್ತೋಣ ಎಂದುಕೊಂಡೆ. ರೈಲು ಹೋಯಿತು. ಚಹಾ ಚೆನ್ನಾಗಿಯೂ ಇರಲಿಲ್ಲ. ವೀಸಾ ಇತ್ತು, ಹೊಟ್ಟೆ ಸರಿಯಿತ್ತು, ತಾಯಿ ಗಟ್ಟಿಮುಟ್ಟಾಗಿದ್ದರು. ನನಗೆ ಭಯವಾಗಿತ್ತು, ಅಷ್ಟೇ. ಬೀಳ್ಕೊಡುವಾಗ ನೀವು ಕೊಟ್ಟ ಹನ್ನೊಂದು ಟವೆಲ್ಲುಗಳನ್ನು ಯಾರೂ ವಾಪಸ್ ಕೇಳಲಿಲ್ಲ. ಆ ದೊಡ್ಡತನ ನಿಮ್ಮದು.

ಮಗಳ ವಿಷಯದಲ್ಲೂ ಅದೇ ಭಯ. ಈಜು, ಉಪ್ಪಿಟ್ಟು, ಗುಡ್ಡ, ಕುರುಗೋಡು, ಎಲ್ಲವೂ ಇನ್ನೊಂದು ಚಹಾ. ಅವಳು ಒಂದರಲ್ಲಾದರೂ ನಪಾಸಾಗುತ್ತಾಳೆ ಎಂದು ಕಾದೆ. ಆಗಲಿಲ್ಲ. ಕೊನೆಗೆ ಗುರುವಾರ ಬಂತು.

ಅನುಷಾ, ವೇದಿಕೆ ಮೇಲೆ ಬಾರವ್ವ. ಸಭಾಪಾಲಕರೇ, ತಾವು ಕುಳಿತೇ ಇರಿ, ತಮ್ಮ ಪ್ರಾರ್ಥನೆ ಫಲಿಸಿದೆ. ಕೋಟು ಬಿಚ್ಚುತ್ತಿದ್ದೇನೆ. ತಗೋ. ಅಲ್ಲಿ ಚಳಿಯಂತೆ, ಇದನ್ನು ಹಾಕಿಕೋ. ಒಳಜೇಬು ಮುಟ್ಟಿ ನೋಡು. ಪಾಸ್‌ಪೋರ್ಟ್ ಅಲ್ಲಿದೆ. ಮೂರು ದಿನದಿಂದ ಅದು ಬೇರೆಲ್ಲೂ ಇರಲಿಲ್ಲ. ನಮ್ಮ ಮನೆಯವರು ಎದ್ದು ನಿಂತಿದ್ದಾರೆ, ಅವರನ್ನು ಯಾರಾದರೂ ಸ್ವಲ್ಪ ಹೊತ್ತು ಹಿಡಿದುಕೊಳ್ಳಿ.

ನಾಳೆ ಇವಳ ಜೊತೆ ಗುಂತಕಲ್ಲಿನವರೆಗೆ ನಾನು ಹೋಗುವುದೆಂದು ಸಮಿತಿ ತೀರ್ಮಾನಿಸಿತ್ತು. ದಯವಿಟ್ಟು ಅದನ್ನು ರದ್ದುಮಾಡಿ. ಅವಳ ತಾಯಿ ಹೋಗಲಿ. ನಾನು ಹೋದರೆ ಚಹಾ ಕೊಡಿಸುತ್ತೇನೆ.

ಕೋಟು ಹೊಲಿಸಿದವರಿಗೂ, ಇಷ್ಟು ವರ್ಷ ನನ್ನ ಸುಳ್ಳನ್ನು ನಂಬಿದಂತೆ ನಟಿಸಿದವರಿಗೂ, ಕುರುಗೋಡಿನ ಹೊನ್ನೂರಮ್ಮನವರಿಗೂ ನಾನು ಋಣಿ. ಹೊರಗೆ ಉಪ್ಪಿಟ್ಟು ಇದೆ, ಅನುಷಾಳೇ ಮಾಡಿದ್ದು. ಇವತ್ತು ಮೂರು ಸಲ ಹಾಕಿಸಿಕೊಳ್ಳಿ, ಇನ್ನು ಎರಡು ವರ್ಷ ಸಿಗುವುದಿಲ್ಲ. ಎಲ್ಲರಿಗೂ, ಬೆವರಿಲ್ಲದ ಮೈಯಿಂದ, ನನ್ನ ನಮಸ್ಕಾರ.