ಚಿಲಕವಿಲ್ಲದ ಬಾಗಿಲು

ಶಹಾಪುರದ ಬಸ್‌ ನಿಲ್ದಾಣದಲ್ಲಿ ಮಾನಮ್ಮ ಮುಂಜಾನೆಯಿಂದ ತಡೆದುಕೊಂಡೇ ಕುಳಿತಿದ್ದಳು. ಅಲ್ಲಿನ ಶೌಚಾಲಯದ ಬಾಗಿಲಿಗೆ ಚಿಲಕವಿಲ್ಲ, ಅವಳ ಜೊತೆಗೂ ಯಾರೂ ಇಲ್ಲ. ಪಕ್ಕದಲ್ಲಿ ಮರಿಲಿಂಗಮ್ಮ ತನ್ನ ಗೆಳತಿ ಖುರ್ಷೀದಬೇಗಂಳನ್ನು ಕೆಣಕುತ್ತಿದ್ದಳು. ಖುರ್ಷೀದಬೇಗಂ ಹಜ್ ಮುಗಿಸಿ, ಲಂಡನ್ನಿನ ಮಗಳನ್ನೂ ನೋಡಿಕೊಂಡು ಬಂದವಳು.

“ಎಲ್ಲಾರೂ ಖರ್ಜೂರ ಕೇಳ್ಯಾರ. ನಾ ಬ್ಯಾರೆ ಕೇಳ್ತೀನಿ. ಅಲ್ಲಿ ಸಂಡಾಸ ಹೆಂಗಿದ್ದುವು?”

“ಮಕ್ಕಾದಾಗ ಕನ್ನಡಿ ಹಂಗ. ಒಳಗ ಬೇಕಾದಷ್ಟು ನೀರು.”

“ಲಂಡನ್ನಿನಾಗ?”

“ಅವೂ ಸ್ವಚ್ಛನ. ಆದ್ರ ನೀರಿಲ್ಲ, ಬರೇ ಕಾಗದ.”

“ಯವ್ವಾ! ಉಸುಕಿನ ನಾಡಾಗ ನೀರು, ಮಳಿ ಊರಾಗ ಕಾಗದ! ನೀ ಏನ್ ಮಾಡಿದಿ?”

“ನೀರು ಹಿಡ್ಯಾಕ ಇಲ್ಲಿಂದನ ಚರಗಿ ಒಯ್ದಿದ್ದೆ.”

“ಭಲೆ! ನಮ್ಮೂರಿಗಿ ಕಾಲುವಿ ನೀರು ಬಂದೂ ಹಂಗ ಆತು. ಮರೆ ಆಗಿದ್ದ ತೊಗರಿ ಹೊಲ ಎಲ್ಲಾ ಭತ್ತದ ಗದ್ದಿ ಆದವು. ಚರಗಿ ತುಂಬಾಕ ನೀರದ, ಕೂಡಾಕ ಮರೆ ಇಲ್ಲ.”

“ಮಾತು ಸಾಕು, ಬಸ್ ಬರೂದ್ರಾಗ ಹೋಗಿ ಬಾ. ನಾ ಬಾಗಲ ಹಿಡಿತೀನಿ.”

“ಹಜ್ ಮಾಡಿ ಬಂದಾಕಿ ಸಂಡಾಸದ ಬಾಗಲ ಹಿಡಿತೀಯೇನ?”

“ಉಳಿದ ಪುಣ್ಯ ಇಲ್ಲೇ ಸಿಗ್ತದ, ನಡಿ.”

ಇಬ್ಬರೂ ನಗುತ್ತ ಎದ್ದು ಹೊರಟರು. ಮಾನಮ್ಮ ಚೀಲ ಎತ್ತಿಕೊಂಡು ಹಿಂದೆಯೇ ಓಡಿದಳು.

“ಯಕ್ಕಾ, ನನಗೂ ಜರಾ ಬಾಗಲ ಹಿಡೀರಿ!”