ಗಡಿಬಿಡಿಯ ಕೊನೆಯ ಎರಡು ನಿಮಿಷ

ನನ್ನ ಮಾತು ಬೇಗ ಮುಗಿಯಲಿ ಎಂಬ ಆಸೆಯನ್ನು ಮುಖದಲ್ಲಿ ತೋರಿಸದಷ್ಟು ಸಜ್ಜನರಾದ ಅಧ್ಯಕ್ಷ ಶಿವಯೋಗಪ್ಪನವರೇ, ಇಪ್ಪತ್ತೈದು ವರ್ಷದ ಹಿಂದೆ ನಮ್ಮನ್ನೆಲ್ಲ ತೋಯಿಸಿ ಖ್ಯಾತರನ್ನಾಗಿ ಮಾಡಿದ ಕೇಬಲ್ ಮಧುಸೂದನ ಅವರೇ, ಭದ್ರಾವತಿಯಿಂದ ಬಂದು ಮೂರನೇ ಸಾಲಿನಲ್ಲಿ ಕುಳಿತಿರುವ ಹುಲಿಗೆಮ್ಮನವರೇ, ಅವರ ಪಕ್ಕದಲ್ಲಿರುವ ವಿಶಾಲಮ್ಮನವರೇ, ಮೊದಲ ಸಾಲಿನಲ್ಲಿರುವ ನನ್ನ ಪತ್ನಿ ಜಯಶೀಲಾ ಅವರೇ, ಮತ್ತು ಊಟದ ವಾಸನೆ ಬರಲು ಶುರುವಾಗಿದ್ದರೂ ಎದ್ದು ಹೋಗದ ಸಭಿಕರೇ,

ಈಗ ನನ್ನನ್ನು ‘ಗಡಿಬಿಡಿ ಕಪ್ ಗೆದ್ದ ಕೋಟೆ ತಂಡದ ನಾಯಕ ಜ್ಞಾನೇಶ್’ ಎಂದು ಪರಿಚಯಿಸಿದರು. ಇಪ್ಪತ್ತೈದು ವರ್ಷದಿಂದ ನನ್ನ ಪರಿಚಯ ಅದೇ. ನಾನು ಭೂಮಾಪಕ. ಈ ಎರಡು ತಾಲ್ಲೂಕುಗಳಲ್ಲಿ ಎಷ್ಟೋ ಬೇಲಿಗಳ ಜಗಳ ಬಿಡಿಸಿದ್ದೇನೆ, ಎಷ್ಟೋ ಕಡೆ ಹೊಸ ಜಗಳಕ್ಕೆ ಕಾರಣನಾಗಿದ್ದೇನೆ. ಆದರೆ ಅಳತೆಯ ಸರಪಳಿ ಹಿಡಿದು ಬದುವಿನ ಮೇಲೆ ನಿಂತರೆ ಜನ ಕೇಳುವುದು ಒಂದೇ. “ಸಾರ್, ಬಾತುಕೋಳಿ ಆಟದಲ್ಲಿ ಗೆದ್ದಿದ್ರಲ್ಲ, ಅದು ನೀವೇ ಅಲ್ವಾ?” ನಾನೇ ಎನ್ನುತ್ತೇನೆ. ಟೀ ಬರುತ್ತದೆ. ಕೆಲವೊಮ್ಮೆ ಎಳನೀರು.

ಇಲ್ಲಿರುವ ಎಳೆಯರಿಗೆ ಸ್ವಲ್ಪ ವಿವರಿಸಬೇಕು. ಆಗ ಟೀವಿಯಲ್ಲಿ ತಂಡಗಳ ಸ್ಪರ್ಧೆ ಎಂದರೆ ಅದಕ್ಕೆ ಬುದ್ಧಿ ಬೇಕಿರಲಿಲ್ಲ, ಪ್ರತಿಭೆಯಂತೂ ಅಡ್ಡಿಯಾಗುತ್ತಿತ್ತು. ದೊಡ್ಡ ವಾಹಿನಿಗಳಲ್ಲಿ ದೊಡ್ಡ ಮೂರ್ಖತನ ನಡೆಯುತ್ತಿತ್ತು. ನಮ್ಮ ಕೇಬಲ್ಲಿನಲ್ಲಿ ನಮ್ಮ ಅಳತೆಯದು. ಭಾನುವಾರ ಬೆಳಿಗ್ಗೆ ಹತ್ತಕ್ಕೆ ‘ಗಡಿಬಿಡಿ’. ಬ್ಯಾಂಕಿನ ಮ್ಯಾನೇಜರು ಗೋಣಿಚೀಲದೊಳಗೆ ಕಾಲಿಟ್ಟು ಕುಪ್ಪಳಿಸುತ್ತಿದ್ದರು. ಹೈಸ್ಕೂಲಿನ ಹೆಡ್‌ಮಾಸ್ಟರು ಕಣ್ಣಿಗೆ ಬಟ್ಟೆ ಕಟ್ಟಿಕೊಂಡು ದಂತವೈದ್ಯರಿಗೆ ಮೊಸರನ್ನ ತಿನ್ನಿಸುತ್ತಿದ್ದರು. ಬಾಯಿಗೆ ಹೋದದ್ದಕ್ಕಿಂತ ಕಿವಿಗೆ ಹೋದದ್ದು ಹೆಚ್ಚು. ಮಾರನೇ ದಿನ ಅದೇ ಹೆಡ್‌ಮಾಸ್ಟರು ಬೆತ್ತ ಹಿಡಿದು ಪ್ರಾರ್ಥನೆಗೆ ನಿಲ್ಲುತ್ತಿದ್ದರು, ಮಕ್ಕಳು ಹೆದರುತ್ತಲೂ ಇದ್ದರು. ಈಗ ಅದು ಸಾಧ್ಯವೇ?

ಇನ್ನೊಂದು ವಿಷಯ. ಆಗ ಯಾರೂ ಅಳುತ್ತಿರಲಿಲ್ಲ. ಈಗ ಸ್ಪರ್ಧೆಯಲ್ಲಿ ಹಾಡಿದವರು ಅಳುತ್ತಾರೆ, ಅವರ ತಾಯಿ ಅಳುತ್ತಾರೆ, ತೀರ್ಪು ಕೊಡುವವರೂ ಅಳುತ್ತಾರೆ. ನಾವು ಬಿದ್ದೆವು, ಎದ್ದೆವು, ಮನೆಗೆ ಹೋಗಿ ಬಿಸಿನೀರು ಸುರಿದುಕೊಂಡೆವು. ಇಡೀ ಊರು ಒಬ್ಬರನ್ನೊಬ್ಬರು ನೋಡಿ ನಗುವುದಕ್ಕೆಂದೇ ವಾರದಲ್ಲಿ ಒಂದು ಗಂಟೆ ಎತ್ತಿಟ್ಟುಕೊಂಡಿತ್ತು. ಅಂಥ ಒಂದು ಗಂಟೆ ಈಗ ಯಾವ ಊರಿನಲ್ಲಿದೆ? ಅದನ್ನು ನೆನೆದು ಹಗುರಾಗುವುದಕ್ಕೆ ಇವತ್ತು ಸೇರಿದ್ದೇವೆ. ನಾನೂ ಹಗುರಾಗಲೆಂದೇ ಬಂದೆ.

ಮಧುಸೂದನ ಅವರು ಆ ಕಾರ್ಯಕ್ರಮದ ಮಾಲೀಕರು, ನಿರೂಪಕರು, ಕ್ಯಾಮೆರಾಮನ್ನರು, ರೆಫರಿ. ಕ್ಯಾಮೆರಾ ಅವರ ಹೆಗಲ ಮೇಲೆಯೇ ಇದ್ದುದರಿಂದ ನಿರೂಪಕರ ಮುಖವನ್ನು ಯಾರೂ ನೋಡಲಿಲ್ಲ. “ಏ ಕೋಟೆಯವ್ರೇ, ನೀರು ಹೊರೋಕೆ ಬಂದಿದೀರೋ, ಸ್ನಾನಕ್ಕೋ?” ಎಂಬ ಧ್ವನಿ ಮಾತ್ರ ಆಕಾಶದಿಂದ ಬರುತ್ತಿತ್ತು. ಆ ಧ್ವನಿಗೆ ನಾವು ಹೆದರುತ್ತಿದ್ದೆವು. ಇವತ್ತು ಅವರನ್ನು ವೇದಿಕೆಯ ಮೇಲೆ ನೋಡಿದ ಹಲವರು “ಇಷ್ಟು ಸಣ್ಣ ಆಳಾ?” ಅಂದರಂತೆ.

ಅಂತಿಮ ಪಂದ್ಯ ಶಿವಮೊಗ್ಗ ಕೋಟೆಗೂ ಭದ್ರಾವತಿ ಹಳೇನಗರಕ್ಕೂ. ಎರಡೂ ಊರಿಗೆ ಸಮದೂರ ಇರಲೆಂದು ಮಲವಗೊಪ್ಪದ ಹತ್ತಿರದ ಒಂದು ಅಕ್ಕಿ ಗಿರಣಿಯ ಅಂಗಳ ಗೊತ್ತುಮಾಡಿದ್ದರು. ನಾನು ಆಮೇಲೆ ಕುತೂಹಲಕ್ಕೆ ಅಳೆದೆ. ಸಮದೂರ ಇಲ್ಲ, ನಮಗೇ ಹತ್ತಿರ. ಅದಿರಲಿ.

ಆಟ ಇಷ್ಟೇ. ತಗಡಿನ ಕೊಡಕ್ಕೆ ಐವತ್ತು ತೂತು. ತಂಡದಲ್ಲಿ ಐದು ಜನ, ಐವತ್ತು ಬೆರಳು. ಒಬ್ಬೊಬ್ಬರು ಹತ್ತು ತೂತು ಮುಚ್ಚಿ, ಐವರೂ ಒತ್ತಿ ಹಿಡಿದು ಕೊಡ ಎತ್ತಿಕೊಂಡು ಓಡಿ, ಆಚೆ ತುದಿಯ ಡ್ರಮ್ಮಿಗೆ ನೀರು ಸುರಿಯಬೇಕು. ಡ್ರಮ್ಮಿನೊಳಗೆ ಒಂದು ಪ್ಲಾಸ್ಟಿಕ್ ಬಾತುಕೋಳಿ. ಯಾರ ಬಾತುಕೋಳಿ ಮೊದಲು ತೇಲಿ ಹೊರಗೆ ಬೀಳುತ್ತದೋ ಅವರಿಗೆ ಕಪ್ ಮತ್ತು ಇಪ್ಪತ್ತೊಂದು ಇಂಚಿನ ಕಲರ್ ಟೀವಿ. ಭದ್ರಾವತಿ ತಂಡದ ಮುರುಗೇಶಪ್ಪನವರು ಚಿಕ್ಕಂದಿನಲ್ಲೇ ಕಬ್ಬಿನ ಗಾಣಕ್ಕೆ ಒಂದು ಬೆರಳು ಕೊಟ್ಟವರು. ಹತ್ತನೇ ತೂತಿಗೆ ಅವರು ಗದ್ದ ಕೊಟ್ಟರು. ನಾಯಕಿ ಹುಲಿಗೆಮ್ಮನವರು, ಆಗ ಒಂದು ಕ್ಯಾಂಟೀನಿನಲ್ಲಿ ಕೆಲಸದಲ್ಲಿದ್ದವರು, “ಗದ್ದ ಎತ್ತೀಯ ಮಾರಾಯ, ಗಡ್ಡಕ್ಕೆ ಬೆಂಕಿ ಇಕ್ತೀನಿ” ಎಂದು ಓಡುತ್ತಲೇ ಬೈಯುತ್ತಿದ್ದರು.

ಸಭಿಕರೇ, ಆ ಪಂದ್ಯದಲ್ಲಿ ನಾವು ಸೋತೆವು.

ಯಾರೂ ಗಾಬರಿಯಾಗಬೇಡಿ. ಸೋತದ್ದು ಸರಳವಾಗಿ. ಕೊನೆಯ ಸುತ್ತಿನಲ್ಲಿ ಬೆವರಿಗೆ ನನ್ನ ಕನ್ನಡಕ ಜಾರಿತು. ಮೇಲೆ ತಳ್ಳಲು ಒಂದು ಕೈ ತೆಗೆದೆ. ಐದು ತೂತು ಒಟ್ಟಿಗೆ ಬಿಟ್ಟುಕೊಂಡವು. ನಮ್ಮ ನೀರು ನೆಲಕ್ಕೆ, ಅವರ ಬಾತುಕೋಳಿ ಹೊರಕ್ಕೆ. ಗಿರಣಿಯ ಹಮಾಲರು ಶಿಳ್ಳೆ ಹೊಡೆದರು. ಮುರುಗೇಶಪ್ಪನವರು ಬಾತುಕೋಳಿಯನ್ನು ತಲೆಯ ಮೇಲಿಟ್ಟುಕೊಂಡು ಕುಣಿದರು. ಆಗ ಮಧುಸೂದನ ಅವರು ಹೆಗಲಿನಿಂದ ಕ್ಯಾಮೆರಾ ಇಳಿಸಿ ನೋಡಿ, “ಅಯ್ಯೋ, ಟೇಪು ಆಗ್ಲೇ ಮುಗಿದುಹೋಗಿದೆ” ಅಂದರು.

ಇನ್ನೊಂದು ಟೇಪು ಇತ್ತು. “ಕೊನೇ ಎರಡು ನಿಮಿಷ ಇನ್ನೊಂದ್ಸಲ ಮಾಡಿಬಿಡಿ,” ಅಂದರು. “ಭದ್ರಾವತಿಯವ್ರು ಗೆದ್ದಿದ್ದಾಗಿದೆ, ಸುಮ್ನೆ ಗೆಲ್ಲಿ. ಜ್ಞಾನೇಶ್, ನೀವು ಸುಮ್ನೆ ಸೋಲಿ.” ಎಲ್ಲರೂ ನಕ್ಕು ಒಪ್ಪಿಕೊಂಡೆವು.

ಸುಮ್ಮನೆ ಸೋಲುವುದು ಎಷ್ಟು ಕಷ್ಟ ಎಂದು ನಿಮ್ಮಲ್ಲಿ ಯಾರಿಗಾದರೂ ಗೊತ್ತೇ? ನನಗೆ ಆಗ ಇಪ್ಪತ್ತಾರು ವರ್ಷ. ಭದ್ರಾವತಿ ನ್ಯೂಟೌನಿನ ಒಂದು ಮನೆಗೆ ಹೆಣ್ಣು ನೋಡಲು ಹೋಗುವುದೆಂದು ನಿಶ್ಚಯವಾಗಿತ್ತು. ಅವರ ಮನೆಯಲ್ಲಿ ಮಧುಸೂದನ ಅವರ ಕೇಬಲ್ಲೇ ಇತ್ತು. ಭಾನುವಾರ ಕಾರ್ಯಕ್ರಮ, ಮುಂದಿನ ಶುಕ್ರವಾರ ಹೆಣ್ಣು ನೋಡುವುದು. ನಾನು ಇದನ್ನು ಆ ಹೊತ್ತಿನಲ್ಲಿ ಯೋಚಿಸಿದೆ ಎಂದು ಹೇಳುತ್ತಿಲ್ಲ. ಕೊಡ ಹಿಡಿದಾಗ ಬೆರಳುಗಳು ತಾವಾಗಿಯೇ ಬಿಗಿಯಾದವು, ಅಷ್ಟೇ. ಭದ್ರಾವತಿ ತಂಡದವರು ಆಗಲೇ ಗೆದ್ದವರು. ಹಾಗಾಗಿ ನಟಿಸಿದರು, ಕ್ಯಾಮೆರಾಕ್ಕೆ ಕೈ ಬೀಸಿದರು, ಮುರುಗೇಶಪ್ಪನವರು ಗದ್ದ ಎತ್ತಿ ಹಲ್ಲು ಕಿರಿದರು. ಸೋತವರು ಮಾತ್ರ ಆಡಿದೆವು. ನಮ್ಮ ಬಾತುಕೋಳಿ ಹೊರಗೆ ಬಿತ್ತು. ನಾನು ಬೇಕೆಂದು ಮಾಡಲಿಲ್ಲ. ಕನ್ನಡಕವನ್ನು ಮೊದಲೇ ತೆಗೆದು ಜೇಬಿಗೆ ಹಾಕಿಕೊಂಡಿದ್ದೆ, ಅದೊಂದು ಬಿಟ್ಟರೆ.

ಹೇಳಬಾರದೆಂದಿದ್ದ ಮಾತು. ಹೇಳಿಯಾಯಿತು.

ಆಗಲೂ ಯಾರೂ ಸಿಟ್ಟಾಗಲಿಲ್ಲ. ಹುಲಿಗೆಮ್ಮನವರು ನನ್ನ ಬೆನ್ನಿಗೆ ಒಂದು ಗುದ್ದಿ, “ಸೋಲೋಕೂ ಬರಲ್ವೇನ್ರೀ ನಿಮ್ಗೆ?” ಎಂದು ನಕ್ಕರು. ಬೆಳಕು ಇಳಿಯುತ್ತಿತ್ತು. ಮಧುಸೂದನ ಅವರು, “ಇರ್ಲಿ ಬಿಡಿ, ಎಡಿಟಿಂಗಲ್ಲಿ ಸರಿ ಮಾಡ್ತೀನಿ,” ಅಂದರು. ಎಡಿಟಿಂಗ್ ಎಂದರೇನೆಂದು ಅಲ್ಲಿದ್ದ ಯಾರಿಗೂ ಗೊತ್ತಿರಲಿಲ್ಲ. ಏನು ಬೇಕಾದರೂ ಸರಿಹೋಗುವ ಜಾಗ ಅದು ಎಂದುಕೊಂಡೆವು. ಬಹುಮಾನ ಕೊಡುವುದು ಕಾರ್ಯಕ್ರಮ ಪ್ರಸಾರವಾದ ಮೇಲೆ, ಪ್ರಾಯೋಜಕರ ಅಂಗಡಿಯಲ್ಲಿ. ಹುಲಿಗೆಮ್ಮನವರು ಬರಿಗೈಯಲ್ಲಿ ಬಸ್ಸು ಹತ್ತಿ, ತಮ್ಮ ಬೀದಿಗೆ ಹೋಗಿ, “ನಾವು ಗೆದ್ವಿ, ಟೀವಿ ಬರುತ್ತೆ” ಎಂದು ಹೇಳಿದರು.

ಭಾನುವಾರ ಅವರ ಬೀದಿಯವರೆಲ್ಲ ಒಂದು ಅಂಗಡಿಯ ಮುಂದೆ ನಿಂತು ಕಾರ್ಯಕ್ರಮ ನೋಡಿದರು. ಮಧುಸೂದನ ಅವರ ಬಳಿ ಭದ್ರಾವತಿ ಗೆದ್ದ ಚಿತ್ರವೇ ಇರಲಿಲ್ಲ. ಇದ್ದದ್ದನ್ನು ತೋರಿಸಿದರು. ಪ್ರಾಯೋಜಕರೂ ಅದನ್ನೇ ನೋಡಿ ನಮ್ಮ ಮನೆಗೆ ಟೀವಿ ಕಳಿಸಿದರು. ನಾನು ಬೇಡವೆನ್ನಲಿಲ್ಲ. ನೋಡಿದವರೆಲ್ಲ ನಾವು ಗೆದ್ದದ್ದನ್ನು ನೋಡಿದ್ದರಲ್ಲ? ಅಷ್ಟು ಜನ ಕಣ್ಣಾರೆ ಕಂಡದ್ದನ್ನು ಅಲ್ಲಗಳೆಯಲು ನಾನು ಯಾರು?

ಶುಕ್ರವಾರ ನ್ಯೂಟೌನಿಗೆ ಹೋದಾಗ ಮಾವನವರು, “ನಮ್ಮೂರನ್ನ ಸೋಲಿಸಿದೋರು ಇವರೇನಾ?” ಎಂದು ಎದ್ದು ನಿಂತು ಕೈ ಕೊಟ್ಟರು. ಉಪ್ಪಿಟ್ಟಿನ ಮೇಲೆ ತೆಂಗಿನಕಾಯಿ ತುರಿ ಧಾರಾಳವಾಗಿತ್ತು. ಜಯಶೀಲಾ ಬಾಗಿಲ ಬಳಿಯಿಂದ, “ಟೀವೀಲಿ ಗೆಲ್ಲೋವಾಗ ಕನ್ನಡಕ ಇರ್ಲಿಲ್ವಲ್ಲ,” ಎಂದು ತಂಗಿಗೆ ಹೇಳಿದ್ದು ನನಗೆ ಕೇಳಿಸಿತು. ಈ ಇಪ್ಪತ್ತೈದು ವರ್ಷದಲ್ಲಿ ಅದನ್ನು ಗಮನಿಸಿದವರು ಅವರೊಬ್ಬರೇ. ಆಮೇಲೆ ಕೇಳಲಿಲ್ಲ, ನಾನೂ ಹೇಳಲಿಲ್ಲ. ಬೇಸರವಾದಾಗ ಮಾತ್ರ ಒಂದು ಮಾತು ಹೇಳುತ್ತಾರೆ. “ಅವತ್ತು ಆ ಕೊಡ ಬಿಟ್ರೆ ನೀವು ಇನ್ನೇನನ್ನ ಗಟ್ಟಿಯಾಗಿ ಹಿಡ್ಕೊಂಡಿದೀರಾ ಮಾರಾಯ್ರೆ?” ಈಗ ಅವರು ಮೊದಲ ಸಾಲಿನಿಂದ ನನ್ನನ್ನೇ ನೋಡುತ್ತಿದ್ದಾರೆ. ಸಭೆಯ ಶಿಷ್ಟಾಚಾರಕ್ಕೆ ನಾನು ಸಾಮಾನ್ಯ ಸಭಿಕರ ಕಡೆ ನೋಡಿ ಮಾತು ಮುಂದುವರಿಸುತ್ತೇನೆ.

ಆರು ವರ್ಷದ ನಂತರ ಒಂದು ಅಳತೆಯ ಕೆಲಸಕ್ಕೆ ಹಳೇನಗರಕ್ಕೆ ಹೋಗಿದ್ದೆ. ನಲ್ಲಿಯ ಬಳಿ ಇಬ್ಬರು ಜಗಳವಾಡುತ್ತಿದ್ದರು. ಒಬ್ಬಾಕೆ ತನ್ನ ಮಗ ಪಿಯುಸಿ ಪಾಸಾದ ಎಂದಳು. ಇನ್ನೊಬ್ಬಾಕೆ, “ಹೂಂ ಬಿಡೇ, ಹುಲಿಗೆಮ್ಮ ಗೆದ್ದಂಗೆ ಪಾಸಾಗಿರ್ಬೇಕು,” ಎಂದಳು. ನಾನು ಸರಪಳಿ ಕೆಳಗಿಟ್ಟು ಕೇಳಿದೆ, ಯಾರು ಆ ಹುಲಿಗೆಮ್ಮ ಎಂದು. “ಯಾರೋ ಗೊತ್ತಿಲ್ಲ ಸಾರ್. ಸುಳ್ಳು ಹೇಳೋರಿಗೆ ಇಲ್ಲಿ ಹಂಗಂತಾರೆ,” ಅಂದಳು. ಆ ದಿನ ಅಲ್ಲಿ ನಾನು ತೆಗೆದ ಅಳತೆ ತಪ್ಪಾಯಿತು. ಮತ್ತೆ ಹೋಗಿ ತೆಗೆಯಬೇಕಾಯಿತು. ಹುಲಿಗೆಮ್ಮನವರ ಮನೆ ಅಲ್ಲಿಂದ ಎರಡು ಬೀದಿ ಆಚೆ. ಎರಡು ಸಲವೂ ನಾನು ಆ ಕಡೆ ಹೋಗಲಿಲ್ಲ. ಬಿಸಿಲು ಹೆಚ್ಚಿತ್ತು.

ಇವತ್ತು ಬೆಳಿಗ್ಗೆ ಇಲ್ಲಿ ತಿಂಡಿಯ ಹೊತ್ತಿಗೆ ಹುಲಿಗೆಮ್ಮನವರು ಸಿಕ್ಕಿದರು. ತಟ್ಟೆ ಹಿಡಿದುಕೊಂಡೇ ನಾನು ತಡವರಿಸುತ್ತ, ಅವತ್ತು ನಿಜವಾಗಿ ಗೆದ್ದವರು ನೀವು, ತಪ್ಪಾಯಿತು, ಎಂದು ಹೇಳಿದೆ. ಅವರು ಮೊದಲು ಕೇಸರಿಬಾತು ಮುಗಿಸಿದರು.

“ಅದನ್ನ ನನಗ್ಯಾಕೆ ಹೇಳ್ತೀರ?” ಅಂದರು. “ನಂಗೆ ಗೊತ್ತಿರೋದೇ ಅಲ್ವಾ? ಗೊತ್ತಿಲ್ದೋರಿಗೆ ಹೇಳಿ.”

ಗೊತ್ತಿಲ್ಲದವರು ಅವರ ಪಕ್ಕದಲ್ಲೇ ಇದ್ದರು. ವಿಶಾಲಮ್ಮನವರು. ಹಳೇನಗರದಲ್ಲಿ ಒಂದೇ ಗೋಡೆಯ ಆಚೆ ಈಚೆ ಇರುವವರು. ‘ಹುಲಿಗೆಮ್ಮ ಗೆದ್ದಂಗೆ’ ಎಂಬ ಮಾತನ್ನು ಮೊದಲು ಆಡಿದವರು ತಾವೇ ಎಂದು ಅವರೇ ನಗುತ್ತ ಹೇಳಿಕೊಂಡರು. ಇಬ್ಬರೂ ಜೀವದ ಗೆಳತಿಯರು, ಆಸ್ಪತ್ರೆಗೂ ಮದುವೆಗೂ ಜೊತೆಯಲ್ಲೇ ಹೋಗುವವರು. ಆದರೂ ಈ ಒಂದು ವಿಷಯದಲ್ಲಿ ಹುಲಿಗೆಮ್ಮನವರು ಹೇಳಿದ್ದನ್ನು ವಿಶಾಲಮ್ಮನವರು ಇವತ್ತಿಗೂ ನಂಬಿಲ್ಲ. “ಕಣ್ಣಲ್ಲಿ ನೋಡಿದೀನಲ್ಲ ಸಾರ್,” ಅಂದರು. ಹುಲಿಗೆಮ್ಮನವರು ಕೈ ತೊಳೆಯುತ್ತ, “ಇವ್ಳು ಬಾಯಲ್ಲಿ ಹೇಳಿದ್ರೆ ನಂಬೋಳಲ್ಲ. ಟೀವೀಲಿ ಬಂದ್ರೆ ನಂಬ್ತಾಳೆ,” ಅಂದರು.

ಈಗ ಕಾರ್ಯಕ್ರಮ ಪಟ್ಟಿಯ ಪ್ರಕಾರ ಆ ಹಳೆಯ ಪಂದ್ಯವನ್ನು ಈ ಪರದೆಯ ಮೇಲೆ ತೋರಿಸುತ್ತಾರೆ. ಮುಗಿದ ಮೇಲೆ ಹುಲಿಗೆಮ್ಮನವರು ಬಂದು, ಗೆದ್ದ ನಾಯಕನಿಗೆ ಸೋತ ನಾಯಕಿಯ ಗೌರವವೆಂದು ನನಗೆ ಶಾಲು ಹೊದಿಸಬೇಕಂತೆ. ಶಾಲು ಇಲ್ಲೇ ಮೇಜಿನ ಮೇಲಿದೆ. ನಾನು ಇಳಿದು ಹೋಗಿ ಅವರಿಗೆ ಹೊದಿಸುತ್ತೇನೆ. ಅವರು ಬೇಡವೆಂದರೆ ಅಲ್ಲೇ ಕುರ್ಚಿಯ ಮೇಲಿಟ್ಟು ಬರುತ್ತೇನೆ.

ದಯವಿಟ್ಟು ಚಪ್ಪಾಳೆ ತಟ್ಟಬೇಡಿ. ಇದನ್ನು ನೀವು ನನ್ನ ದೊಡ್ಡತನ ಎಂದುಕೊಂಡಂತಿದೆ. ಅಧ್ಯಕ್ಷರೂ ತಲೆದೂಗುತ್ತಿದ್ದಾರೆ. ನಾನು ವಿನಯಕ್ಕೆ ಹೇಳುತ್ತಿಲ್ಲ, ನಿಜವಾಗಿಯೂ ಸೋತಿದ್ದೆವು. ನೋಡಿ, ನಿಜ ಹೇಳಿದರೂ ನನಗೇ ಚಪ್ಪಾಳೆ. ಹುಲಿಗೆಮ್ಮನವರು ನಿಜ ಹೇಳಿದ್ದಕ್ಕೆ ಸಿಕ್ಕಿದ್ದೇನೆಂದು ಈಗಷ್ಟೇ ಹೇಳಿದೆ.

ಮಧುಸೂದನ ಅವರ ಮಗ ಈ ಸಮಾರಂಭವನ್ನು ನೇರಪ್ರಸಾರ ಮಾಡುತ್ತಿದ್ದಾರೆ. ಭದ್ರಾವತಿಯಲ್ಲೂ ಬರುತ್ತಿದೆಯಂತೆ, ಇಲ್ಲಿ ಸಭಿಕರ ಪಕ್ಕದಲ್ಲಿಟ್ಟಿರುವ ಟೀವಿಯಲ್ಲೂ ಬರುತ್ತಿದೆ. ಕ್ಯಾಮೆರಾವನ್ನು ಸ್ವಲ್ಪ ನನ್ನ ಮುಖದ ಹತ್ತಿರ ತನ್ನಿ. ಕನ್ನಡಕ ಇರಲಿ, ತೆಗೆಯುವುದಿಲ್ಲ. ವಿಶಾಲಮ್ಮನವರೇ, ನನ್ನ ಕಡೆ ನೋಡಬೇಡಿ, ಪಕ್ಕದ ಟೀವಿ ಕಡೆ ನೋಡಿ. ಆ ದಿನ ಮಲವಗೊಪ್ಪದಲ್ಲಿ ಭದ್ರಾವತಿ ಗೆದ್ದಿತು. ಹುಲಿಗೆಮ್ಮ ನಿಮಗೆ ಹೇಳಿದ್ದು ನಿಜ. ಸುಳ್ಳು ಹೇಳಿದವನು ನಾನು.

ಸರಿಯಾಗಿ ಬಂತೇ? ಬರದಿದ್ದರೂ ಇನ್ನೊಂದು ಸಲ ಹೇಳಿ ಎಂದು ಮಾತ್ರ ಕೇಳಬೇಡಿ. ಎರಡನೇ ಸಲ ನಾನು ಏನು ಹೇಳುತ್ತೇನೋ ನನಗೇ ಭರವಸೆಯಿಲ್ಲ.

ಇಷ್ಟು ಹೊತ್ತು ತಾಳಿಕೊಂಡ ನಿಮಗೆಲ್ಲರಿಗೂ ಕೃತಜ್ಞತೆಗಳು. ನಮಸ್ಕಾರ.