ಬಾಯ್ಲರ್ ಸದ್ದು ನಿಂತ ದಿನ

...ಇಲ್ಲ ಇಲ್ಲ, ಮೊದ್ಲು ಬಂದುದ್ದು ಮಿಸಿನ್ ಅಲ್ಲ ಕಣ್ಲಾ, ಮೊದ್ಲು ಬಂದುದ್ದು ಮೇನೇಜರು. ಮಿಸಿನು ಆಮ್ಯಾಕ. ಎರಡು ಸಾವಿರ ಇಸ್ವಿ ಕಳ್ದು ನಾಕೋ ಐದೋ ವರ್ಸ ಆಗಿತ್ತು. ದೊಡ್ಡಗಾಜನೂರಿಂದ ಆಚ್ಗ ರೇಸ್ಮ ನೂಲು ಬಿಚ್ಚೋ ಕಾರ್ಖಾನೆ ಇತ್ತು, ಅಲ್ಲಿ ನಾವು ಅನ್ನೊಂದು ಜನ ಎಂಗಸ್ರು. ಒಬ್ಬೊಬ್ರ ಮುಂದ್ಕೂ ಒಂದೊಂದು ಒಲೆ, ಒಲೆ ಮ್ಯಾಲ ಕುದಿಯೋ ನೀರು, ನೀರಲ್ಲಿ ಗೂಡು, ಪಕ್ಕದಲ್ಲಿ ಚರಕ. ನಾನೇ ವಯಸ್ಸಲ್ಲಿ ದೊಡ್ಡೋಳು, ಅದ್ಕ ನನ್ನ ಮೇಸ್ತ್ರಿ ಮಾಡಿದ್ರು. ಆ ವಾಸ್ನ ಇದ್ಯಲ್ಲಾ, ಬೆಂದ ಉಳದ ವಾಸ್ನ, ಮನ್ಗ ಬಂದ್ರ ನಿಮ್ಮ ತಾತ ಬಾಗ್ಲಲ್ಲೇ ನಿಲ್ಸಿ, ‘ಮೊದ್ಲು ನೀರುಯ್ಕೊಂಡು ಬಾ’ ಅಂತಿದ್ರು. ಇರ್ಲಿ, ಅದು ಬ್ಯಾಡ.

ಅಳೇ ಮೊದಲಾಳಿ ಕಾರ್ಖಾನೆ ಮಾರ್ಬುಟ್ರು. ತಗೊಂಡೋರು ಕೆಳಗ್ನೋರು, ಘಾಟಿ ಇಳ್ದು ಕೊಯಮತ್ತೂರು ಕಡೆಯೋರು. ಅವ್ರ ಕಡೆಯಿಂದ ಬಂದ ಮೇನೇಜರು ನನ್ನ ಆಪೀಸ್ಗ ಕರ್ದು ತಮಿಳಲ್ಲೇ ಅಂದ: ‘ಅಕ್ಕಾ, ಇನ್ಮ್ಯಾಕ ಒಲೆ ಇಲ್ಲ, ಚರಕ ಇಲ್ಲ. ಒಂದೇ ಬಾಯ್ಲರು, ಅದ್ರ ಉಗಿ ಪೈಪಲ್ಲಿ ಎಲ್ರ ಮಿಸಿನ್ಗೂ ಬತ್ತದ. ಈ ಎಂಗಸ್ರು ನನ್ನ ಮಾತ ಕೇಳಲ್ಲ, ನಿಮ್ಮ ಮಾತ ಕೇಳ್ತಾರ. ನೀವೇ ಒಪ್ಸಿ. ಒಪ್ದೇ ಇರೋರ್ಗ ಇಲ್ಲಿ ಜಾಗ ಇಲ್ಲ.’ ನಗ್ತಾನೇ ಅಂದ. ಆ ನಗು ನಂಗ ಸರಿ ಕಾಣ್ನಿಲ್ಲ.

ನಮ್ಮಲ್ಲಿ ನಂಜಮ್ಮ ಅಂತ ಒಬ್ಳಿದ್ಲು, ಪಣಕಹಳ್ಳಿಯೋಳು. ಕಣ್ಮುಚ್ಕೊಂಡು ಎಳೆ ಕೂಡ್ಸೋಳು, ಅಂತಾ ಬೆರಳು. ಬಾಯ್ಲರು ಮಿಸಿನು ಬಂದ ದಿನ ಅವ್ಳು ಬಾಯ್ಲರ್ನೇ ನೋಡ್ತಾ ನಿಂತ್ಕೊಂಡು ಅಂದ್ಲು, ‘ಅಕ್ಕಾ, ಒಲೆ ಆದ್ರ ನಾನು ಊದುದ್ರ ಉರೀತದ, ಬುಟ್ರ ಆರ್ತದ. ಇದು ಯಾರ ಮಾತ ಕೇಳ್ತದ?’ ನಂಗೂ ಅದೇ ಬಯ. ಆದ್ರ ಮೇಸ್ತ್ರಿ ಅಲ್ವಾ? ಮೊದಲ್ನೇ ಮಿಸಿನ್ಗ ನಾನೇ ಕುಂತೆ. ಎಳೆ ಕಿತ್ತೋಯ್ತು, ಮತ್ತ ಕೂಡ್ಸ್ದೆ, ಮತ್ತ ಕಿತ್ತೋಯ್ತು. ಎಲ್ರೂ ನಕ್ರು, ನಾನೂ ನಕ್ಕೆ. ನನ್ನ ನೋಡ್ಕೊಂಡು ಒಬ್ಬೊಬ್ರೇ ಕುಂತ್ರು. ಒಂದು ತಿಂಗ್ಳು... ಇಲ್ಲ, ತಿಂಗ್ಳಿಗೂ ಮ್ಯಾಲೇ ಆಯ್ತು, ಎಲ್ರೂ ಕಲ್ತ್ಬುಟ್ರು.

ಆ ಬಾಯ್ಲರ್ಗ ಒಂದು ವಾಲ್ ಇತ್ತು, ಉಗಿ ಜಾಸ್ತಿಯಾದ್ರ ತಾನಾಗೇ ಉಸ್ಸ್ ಅಂತ ಒರ್ಗ ಬುಡೋದು. ಆಗೆಲ್ಲಾ ಮಿಸಿನ್ಗ ಉಗಿ ಕಮ್ಮಿಯಾಯ್ತಿತ್ತು, ನೂಲು ಕಿತ್ತೋಯ್ತಿತ್ತು, ಮೇನೇಜರು ರೇಗಾಡ್ತಿದ್ದ. ಒಂದಿನ ಬೆಳಗ್ಗ ನೋಡು, ಆ ಸದ್ದೇ ಇಲ್ಲ. ಅದು ಇಲ್ದುದ್ದೇ ನಂಗ ಬಯ ಆಯ್ತು. ಓಗಿ ನೋಡ್ದೆ. ವಾಲ್ನ ಕಂಬೀಲಿ ಸುತ್ತಿ ಬಿಗ್ದಾಕವ್ರ. ‘ಏನ್ ಸಾರ್ ಇದು?’ ಅಂತ ಮೇನೇಜರ್ನ ಕೇಳುದ್ರ, ‘ಒಣ್ಣುಂ ಆಗಾದು ಅಕ್ಕಾ, ಏನೂ ಆಗಲ್ಲ, ಓಗಿ ಕೆಲ್ಸ ನೋಡಿ’ ಅಂದ. ನಾನು ಬಂದ್ಬುಟ್ಟೆ. ಬಂದ್ಬುಟ್ಟೆ ಕಣ್ಲಾ! ನಂಜಮ್ಮ ಕೇಳುದ್ಲು, ‘ಅಕ್ಕಾ, ಇವತ್ತು ಯಾಕ ಸದ್ದಿಲ್ಲ?’ ನಾನೇನಂದೆ ಗೊತ್ತಾ? ‘ರಿಪೇರಿ ಆಗದ ಕಣಮ್ಮಿ, ಕೆಲ್ಸ ನೋಡು’ ಅಂದೆ. ಅವ್ಳು ಸರಿ ಅಂತ ತಲೆ ಬಗ್ಗುಸ್ಬುಟ್ಲು.

ಮದ್ಯಾನ ಉಣ್ಣೋ ಒತ್ತು ಆಗ್ತಾ ಬಂದಿತ್ತು. ಪೈಪು ಗುಂಯ್ ಅಂತಿತ್ತು. ಕಾಲಡಿ ನೆಲ ಸಣ್ಣಗ ನಡುಗ್ತಿತ್ತು, ನೀರ್ ಚೊಂಬು ತಾನೇ ಜರುಗ್ತಾ ಅದ. ಏಳಿ ಅನ್ನಾಣ ಅಂತ ಬಾಯಿ ತೆಗ್ದೆ, ಅಷ್ಟರಲ್ಲಿ ನಂಜಮ್ಮನ ಪಕ್ಕದ ಪೈಪಿನ ಸಂದು ಕಿತ್ಕೊಂತು. ಬೆಳ್ಳಗ ಉಗಿ, ಯಾರೂ ಯಾರ್ಗೂ ಕಾಣಲ್ಲ, ಅವ್ಳ ಕೂಗೊಂದೇ. ತಡಕಾಡಿ ಸೆರಗಿಡ್ದು ಎಳ್ದೆ. ‘ಒರ್ಗ ಓಡ್ರೇ!’ ಅಂತ ಎಲ್ರನ್ನೂ ತಳ್ಳಿ, ಬಾಯ್ಲರ್ ತಾವು ಓಗಿ ಅದ್ರ ಕೆಳ್ಗ ಉರಿಯೋ ಸೌದೆಯೆಲ್ಲಾ ಈಚ್ಗ ಎಳ್ದಾಕ್ದೆ. ಈ ಕಾಲ್ಮ್ಯಾಲ ಅದ ನೋಡು ಗಾಯ, ಆವತ್ತಿಂದೇ. ಅವ್ಳ ಆಟೋದಲ್ಲಿ ಮಲಗ್ಸ್ಕೊಂಡು ಆಸ್ಪತ್ರೆಗ ಓದೋ.

ಮಾರ್ನೇ ದಿನ ಗೇಟ್ ಮುಂದ ನಿಂತು ಎಲ್ರ ಎದುರ್ಗೂ ಅಂದೆ, ‘ಕಂಬಿ ಕಟ್ಟಿದ್ದ ನಾನು ಕಂಡಿದ್ದೆ ಕಣ್ರವ್ವಾ. ಕಂಡೂ ಸುಳ್ಳಂದೆ.’ ಒಬ್ಳು ನನ್ನ ಮುಂದ್ಕ ಉಗುದ್ಲು. ಆದ್ರೂ ಒಳ್ಗ ಯಾರೂ ಓಗ್ನಿಲ್ಲ. ಒಸ ವಾಲ್ ಆಕಿ, ಅದು ಉಸ್ಸ್ ಅನ್ನೋದ ನಮ್ಮ ಕಿವೀಲೇ ಕೇಳೋಗಂಟ ಗೇಟಲ್ಲೇ ಕುಂತಿದ್ದೋ. ಮೇನೇಜರು ಮೊದ್ಲು ಗದರ್ಸ್ದ, ಆಮ್ಯಾಕ ಬೇಡ್ಕೊಂಡ, ಕಡೀಗ ಒಸದ ಆಕ್ಸ್ದ.

ನಂಜಮ್ಮ ತಿರ್ಗ ಬರ್ನಿಲ್ಲ. ಅವ್ಳ ಬೆರಳು ಮಡ್ಚಕ್ಕಾಗ್ತಿರ್ನಿಲ್ಲ. ನಾನು ನೋಡಕ್ಕ ಓದಾಗ ಅವ್ಳ ಅತ್ತೆ ತುತ್ತಿಟ್ಟು ಉಣ್ಣುಸ್ತಿತ್ತು. ನಂಗ ಅಳು ಬಂತು. ಅವ್ಳು ಅಳ್ನಿಲ್ಲ. ‘ಕಂಬಿ ಕಟ್ದೋನ್ಮ್ಯಾಲ ನಂಗ ಸಿಟ್ಟಿಲ್ಲ ಅಕ್ಕಾ’ ಅಂದ್ಲು. ‘ನಾನು ಅವುನ್ನ ಕೇಳ್ನಿಲ್ಲ. ನಿನ್ನ ಕೇಳ್ದೆ.’

ಅಷ್ಟೇ ಕಣ್ರಪ್ಪ. ಒಸ ದಾರೀಲಿ ನಾಕು ಜನರ ಕರ್ಕೊಂಡು ಓಗ್ಬೇಕಾಯ್ತದ, ಓಗಿ, ತಪ್ಪಿಲ್ಲ. ಮುಂದ ನಡ್ಯೋನ್ಗ ಬಯ ಆದ್ರ ಬಯ ಆಯ್ತದ ಅಂತ್ಲೇ ಅನ್ಬೇಕು. ಸಾಕು, ಎದ್ದು ಕೈ ತೊಳೀರಿ, ಮುದ್ದೆ ಆರೋಯ್ತದ.